ನಂಬರಿನ ಕೆಳಗಿನ ಗೀರು

ಪರ್ತ್, 19 ಆಗಸ್ಟ್ 1984, ಭಾನುವಾರ

ಅಲ್ಲ, ನಿನ್ನೆ ಅಷ್ಟುದ್ದ ಬರೆದು ತೆಂಗಿನಕಾಯಿ ಜುಟ್ಟಿನ ವಿಷಯವನ್ನೇ ಬಿಟ್ಟುಬಿಟ್ಟಿದ್ದೇನೆ. ಮುಖ್ಯವಾದದ್ದೇ ಅದು. ನನ್ನ ಹೆಂಡತಿ ಪಾತ್ರೆ ಉಜ್ಜುತ್ತಿದ್ದದ್ದು ಕಾಯಿಯ ಜುಟ್ಟಿನಿಂದ. ಈ ಊರಿನಲ್ಲಿ ಜುಟ್ಟಿರುವ ಕಾಯಿ ಸಿಗುವುದೇ ಅಪರೂಪ, ಸಿಕ್ಕಿದಾಗ ಕಿತ್ತು ಒಣಗಿಸಿ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಜುಟ್ಟು, ಹುಣಸೆಹಣ್ಣು, ಉಪ್ಪು. ಅಷ್ಟೇ. ಮೆತ್ತಗಿನ ನಾರು ಉಕ್ಕನ್ನು ಗೀರುತ್ತದೆಯೇ? ಇದನ್ನು ಆ ಡಾಕ್ಟರಿಗೆ ಆವತ್ತೇ ಕೇಳಬೇಕಿತ್ತು.

ಇಂಟರ್‌ಮೀಡಿಯೆಟ್‌ನಲ್ಲಿ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು, ಪಂಚಾಕ್ಷರಿ, ಕಮ್ ಟು ದಿ ಪಾಯಿಂಟ್, ಇಲ್ಲದಿದ್ದರೆ ಎಕ್ಸಾಮಿನರ್ ನಿನ್ನ ಪೇಪರಿನ ಮೇಲೆ ನಿದ್ದೆ ಹೋಗುತ್ತಾನೆ ಅಂತ. ಸರಿ, ಕ್ರಮವಾಗಿ ಬರೆಯುತ್ತೇನೆ. ಯಾರಿಗೂ ಅಲ್ಲ, ನನ್ನ ತಲೆ ನೆಟ್ಟಗಿರಲಿ ಅಂತ.

ಹೋದ ವರ್ಷ ಆಯುಧಪೂಜೆ. ಡಾಕ್ಟರ್ ಮಹಾಬಲೇಶ್ವರ ಆಗ ಇಲ್ಲೇ ಪರ್ತಿನಲ್ಲಿದ್ದರು. ಸರ್ಜನ್. ಬಂದೂಕು ಕೂಡಿಹಾಕುವ ಹುಚ್ಚು. ಕನ್ನಡದವರನ್ನೆಲ್ಲ ಊಟಕ್ಕೆ ಕರೆದಿದ್ದರು, ನನ್ನ ಮಗಳು ಕಸ್ತೂರಿಯೂ ಅವರ ಆಸ್ಪತ್ರೆಯಲ್ಲೇ ಡಾಕ್ಟರು, ನಾವೂ ಹೋಗಿದ್ದೆವು. ಅವರ ಹೆಂಡತಿ ಅಹಲ್ಯಾ ಪೂಜೆಗಿಡುವುದನ್ನೆಲ್ಲ ಹಿಂದಿನ ಬಚ್ಚಲಲ್ಲಿ ರಾಶಿ ಹಾಕಿದ್ದಳು. ದೀಪದ ಕಂಬ, ಚಾಕು, ಈಳಿಗೆಮಣೆ, ಕಾರಿನ ಸ್ಪ್ಯಾನರು, ಗೋಡೆಗೊರಗಿಸಿದ ಆ ಬಂದೂಕು. ನನ್ನ ಹೆಂಡತಿ ಸೆರಗು ಸಿಕ್ಕಿಸಿ ಎಲ್ಲವನ್ನೂ ತೊಳೆದಳು. ಪೂಜೆಗೆ ಮುಂಚೆ ಆಯುಧ ತೊಳೆಯದೆ ಇಡುತ್ತಾರೆಯೇ? ಬಂದೂಕನ್ನೂ ತೊಳೆದಳು. ಕಪ್ಪು ಬಣ್ಣ ಹೋಗಿ ಅದು ಬೆಳ್ಳಿ ತಂಬಿಗೆಯ ಹಾಗೆ ಹೊಳೆಯಿತು. ಅರಿಶಿನ ಕುಂಕುಮ ಹಚ್ಚಿ ತಂದು ದೇವರ ಮುಂದೆ ಒರಗಿಸಿದಳು.

ಮಹಾಬಲೇಶ್ವರ ನೋಡಿದರು. "ಆಂಟಿ, ಇದೇನು ಇಡ್ಲಿ ಪಾತ್ರೆ ಅಂದ್ಕೊಂಡ್ರಾ?" ಎಲ್ಲರೂ ನಕ್ಕರು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. "ಮಹಾಯುದ್ಧದಲ್ಲಿ ಬಳಸಿದ ಸ್ನೈಪರ್ ರೈಫಲ್ ಇದು. ಸ್ಟೀಲ್ ನಾರು ಹಾಕಿ ಉಜ್ಜಿ ನಂಬರ್ ಇರೋ ಜಾಗಾನೇ ಗೀರಿ ಹಾಕಿದ್ದೀರಲ್ಲ. ಇನ್ನು ಇದು ಅಸಲಿ ಅಂತ ಯಾರು ನಂಬ್ತಾರೆ? ಹಳ್ಳಿ ಬುದ್ಧಿ ಎಲ್ಲೂ ಬಿಡಲ್ಲ."

ಸ್ನೈಪರ್ ಎಂದರೆ ಮರೆಯಲ್ಲಿ ಅಡಗಿ, ದೂರದಿಂದ, ದುರ್ಬೀನಿನಲ್ಲಿ ನೋಡಿ, ಒಂದೇ ಗುಂಡಿಗೆ ಒಬ್ಬನನ್ನು ಉರುಳಿಸುವವನು. ಇವರು ಎದುರಿಗೇ ನಿಂತು ಉರುಳಿಸಿದರು.

ಆಮೇಲೆ ಊಟಕ್ಕೆ ಬಂದಿದ್ದ ಡಾಕ್ಟರ್ ನಾಗೇಂದ್ರ ಅವಳಿಗೆ 'ಇಡ್ಲಿ ಪಾತ್ರೆ ಆಂಟಿ' ಅಂತ ಹೆಸರಿಟ್ಟ. ಯಾರ ಮನೆಗೂ ಬರುವುದಿಲ್ಲ ಅಂದಳು. ಕಾರಿನಲ್ಲಿ ಬರುವಾಗ ಒಂದೇ ಮಾತು: "ಆ ಗೀರು ನಂದಲ್ಲ ಕಣ್ರೀ." ಬಿಡು ಅಂದೆ. ಮನೆಗೆ ಬಂದ ಮೇಲೂ ಅದೇ. ಈ ವರ್ಷ ಮೇ ತಿಂಗಳಲ್ಲಿ ಆಸ್ಪತ್ರೆಯ ಮಂಚದಲ್ಲೂ ಅದೇ. ಹೃದಯ ನಿಂತಿತು ಎಂದು ಕಸ್ತೂರಿ ಹೇಳುತ್ತಾಳೆ. ಹೃದಯ ನಿಂತದ್ದು ಹಿಂದಿನ ಅಕ್ಟೋಬರಿನಲ್ಲಿ.

ಮಹಾಬಲೇಶ್ವರರನ್ನು ಬಿಡುವುದಿಲ್ಲ.

21 ಆಗಸ್ಟ್, ಮಂಗಳವಾರ

ಕಸ್ತೂರಿ, ಅಳಿಯ ಇಬ್ಬರೂ ಡ್ಯೂಟಿಗೆ ಹೋಗಿದ್ದರು. ಗ್ಯಾರೇಜಿನ ಹಳೇ ಸ್ಪ್ಯಾನರಿನ ಒಂದು ಕಡೆ ಕಾಯಿ ಜುಟ್ಟಿನಿಂದ ಉಜ್ಜಿದೆ, ಇನ್ನೊಂದು ಕಡೆ ಸ್ಟೀಲ್ ನಾರಿನಿಂದ. ಸುಮ್ಮನೆ, ನೋಡೋಣ ಅಂತ. ಜುಟ್ಟಿನ ಕಡೆ ಏನೂ ಆಗಲಿಲ್ಲ. ಸ್ಟೀಲ್ ನಾರಿನ ಕಡೆ ಸಣ್ಣ ಸಣ್ಣ ಗೆರೆ ಬಿತ್ತು.

ಸಂಜೆ ಕಸ್ತೂರಿಯನ್ನು ಕೇಳಿದೆ, ಆವತ್ತು ನಿಮ್ಮಮ್ಮನ ಕೈಚೀಲದಲ್ಲಿ ಸ್ಟೀಲ್ ನಾರು ಏನಾದರೂ ಇತ್ತೇನಮ್ಮ ಅಂತ.

ತಟ್ಟೆ ಒರೆಸುತ್ತಿದ್ದವಳು ನಿಂತಳು. "ಅಪ್ಪ, ನೀವೂನಾ?"

ಒಂದು ಪ್ರಶ್ನೆ ಕೇಳಿದರೆ ಹಾಗೇಕೆ ನೋಡಿದಳೋ. ಈಗಿನವರಿಗೆ ವಿಚಾರಣೆ ಎಂದರೆ ಏನು ಎಂದು ಗೊತ್ತಿಲ್ಲ. ರೇಷ್ಮೆ ಇಲಾಖೆಯಲ್ಲಿ ನಾವು ಗೂಡು ಕುಯ್ದು ನೋಡದೆ ದರ್ಜೆ ಬರೆಯುತ್ತಿರಲಿಲ್ಲ.

2 ಸೆಪ್ಟೆಂಬರ್, ಭಾನುವಾರ

ಹೊಸ ಸುದ್ದಿ. ಮಹಾಬಲೇಶ್ವರ ಈಗ ಅಡಿಲೇಡಿನಲ್ಲಿದ್ದಾರಲ್ಲ, ಆ ಬಂದೂಕನ್ನು ಅಲ್ಲಿನ ಹಳೇ ಯೋಧರ ಸಭಾಭವನಕ್ಕೆ ದಾನ ಕೊಡುತ್ತಾರಂತೆ. ಗಾಜಿನ ಪೆಟ್ಟಿಗೆ, ಕೆಳಗೆ ಹಿತ್ತಾಳೆ ಫಲಕ, ಫಲಕದಲ್ಲಿ ಇವರ ಹೆಸರು. ದಸರಾ ಮುಗಿದ ಶನಿವಾರ ಸಮಾರಂಭ, ಅದಕ್ಕೆ ಮುಂಚೆ ಮನೆಯಲ್ಲಿ ಆಯುಧಪೂಜೆ. ನಾಗೇಂದ್ರ ಇಲ್ಲಿಂದ ಹೋಗುತ್ತಿದ್ದಾನೆ. ನಮಗೂ ಫೋನು ಬಂತು. ಕಸ್ತೂರಿ ತೆಗೆದುಕೊಂಡಳು, "ಆಗಲ್ಲ, ಡ್ಯೂಟಿ ಇದೆ" ಅಂತ ಚುಟುಕಾಗಿ ಹೇಳಿ ಇಟ್ಟುಬಿಟ್ಟಳು.

ಅಂದರೆ ಗೀರು ಬಿದ್ದ ಬಂದೂಕನ್ನು ಯಾರೂ ನಂಬುವುದಿಲ್ಲ ಎಂದವರು ಈಗ ಅದನ್ನೇ ಅಸಲಿ ಎಂದು ಕೊಡುತ್ತಿದ್ದಾರೆ. ಗೀರು ಎಲ್ಲಿ ಹೋಯಿತು ಹಾಗಾದರೆ?

ಒಂದು ಯೋಚನೆ ಬಂದಿದೆ. ಬಂದೂಕೇ ನಕಲಿಯಾಗಿದ್ದರೆ? ಹಳೇ ಸ್ನೈಪರ್ ಬಂದೂಕಿಗೆ ಬೇಡಿಕೆ ಜಾಸ್ತಿ, ಸಾಧಾರಣ ಬಂದೂಕಿಗೆ ದುರ್ಬೀನು ಸಿಕ್ಕಿಸಿ ಮಾರುವವರು ಇದ್ದಾರಂತೆ. ಲೈಬ್ರರಿ ಪುಸ್ತಕದಲ್ಲಿ ಓದಿದೆ. ಅರ್ಧ ಅರ್ಥವಾಯಿತು. ಗೀರು ಮೊದಲೇ ಇತ್ತು ಎಂದು ಮಾತ್ರ ತೋರಿಸಿಬಿಟ್ಟರೆ ಸಾಕು. ಶನಿವಾರ, ತುಂಬಿದ ಸಭೆ, ಎದ್ದು ನಿಂತು ಹೇಳುತ್ತೇನೆ. ಲೇಡೀಸ್ ಅಂಡ್ ಜಂಟಲ್‌ಮೆನ್, ದಿಸ್ ಗನ್ ಈಸ್ ಎ ಲಯರ್, ಅಂಡ್ ಸೋ ಈಸ್ ದಿ ಡಾಕ್ಟರ್. ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಬಂತು.

ಆವತ್ತು ಡಾಕ್ಟರ್ ರಾಜಗೋಪಾಲ ಹೊಸ ಕ್ಯಾಮೆರಾ ಹಿಡಿದು ಫೋಟೊ ತೆಗೆಯುತ್ತಿದ್ದರು. ಅವರೀಗ ಬ್ರಿಸ್ಬೇನಿನಲ್ಲಿ. ಬನ್ನಿ ಅಂಕಲ್ ಎಂದು ಎಷ್ಟೋ ಸಲ ಕರೆದಿದ್ದಾರೆ.

"ಕಸ್ತೂರಿ, ಬ್ರಿಸ್ಬೇನಿಗೆ ಹೋಗಿ ಬರ್ತೀನಮ್ಮ. ಹಾಗೇ ಅಡಿಲೇಡು."

"ಅಡಿಲೇಡಿಗೆ ಯಾಕೆ?"

"ದಸರಾಕ್ಕೆ."

"ಹೋಗಿ ಬನ್ನಿ. ಆದರೆ ತಿನ್ನೋ ಸಾಮಾನು ಏನೂ ತಗೊಂಡು ಹೋಗ್ಬೇಡಿ, ರಾಜ್ಯದ ಗಡಿಯಲ್ಲಿ ಹಿಡೀತಾರೆ."

ಹುಣಸೆಹಣ್ಣಿನ ಪೊಟ್ಟಣವನ್ನು ಪೆಟ್ಟಿಗೆಯಿಂದ ತೆಗೆದಿಟ್ಟೆ. ಜುಟ್ಟಿನ ಡಬ್ಬಿ ಇಟ್ಟುಕೊಂಡಿದ್ದೇನೆ. ಅದನ್ನು ಯಾರೂ ತಿನ್ನುವುದಿಲ್ಲ.

ಬ್ರಿಸ್ಬೇನ್, 14 ಸೆಪ್ಟೆಂಬರ್, ಶುಕ್ರವಾರ

ಇಲ್ಲಿ ಆಗಲೇ ಸೆಕೆ. ರಾಜಗೋಪಾಲರ ಮನೆ ಕಂಬಗಳ ಮೇಲೆ ನಿಂತಿದೆ, ಅಟ್ಟದ ಮೇಲೆ ಮಲಗಿದ ಹಾಗೆ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ನಗುತ್ತಾರೆ.

ಊಟವಾದ ಮೇಲೆ ಆಲ್ಬಮ್ ತೆಗೆದರು. ಎರಡು ಹಾಳೆ ತಿರುಗಿಸಿದರೆ ಅವಳು. ದೇವರ ಮುಂದೆ ಬಗ್ಗಿ ಬಂದೂಕು ಒರಗಿಸುತ್ತಿದ್ದಾಳೆ. ಕೂಗಾಟಕ್ಕೆ ಮುಂಚಿನದು. ನಗುತ್ತಿದ್ದಾಳೆ. ಹಲ್ಲು ಕಾಣುವ ಹಾಗೆ ನಗುವುದು ನಾಚಿಕೆ ಅವಳಿಗೆ, ಇಲ್ಲಿ ಕಾಣುತ್ತಿದೆ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.

"ಅಂಕಲ್, ಬೇಕಾದ್ರೆ ತಗೊಳ್ಳಿ," ಅಂದರು ರಾಜಗೋಪಾಲ. ಈ ಸಲ ನಗಲಿಲ್ಲ.

"ನನಗೆ ಬಂದೂಕಿನದು ಬೇಕು."

ಅದೂ ಇತ್ತು. ಹತ್ತಿರದಿಂದ ತೆಗೆದದ್ದು, ನಂಬರಿನ ಒಂದೊಂದು ಅಂಕಿಯೂ ಸ್ಪಷ್ಟ. ಅಂಕಿಗಳ ಸುತ್ತ ಗೀರು. ಒಂದೇ ದಿಕ್ಕಿಗೆ, ಒತ್ತೊತ್ತಾಗಿ. ಸ್ಟೀಲ್ ನಾರಿನಿಂದ ಸ್ಪ್ಯಾನರಿನ ಮೇಲೆ ಬಿದ್ದ ಗೆರೆಗಳ ಹಾಗೇ ಇವೆಯಲ್ಲ.

ರಾತ್ರಿ ಊಟ ಬೇಡ ಅಂದೆ. ಸೆಕೆ.

ಬ್ರಿಸ್ಬೇನ್, 17 ಸೆಪ್ಟೆಂಬರ್, ಸೋಮವಾರ

ರಾಜಗೋಪಾಲರ ಪೇಷೆಂಟ್ ಒಬ್ಬರು ಹಾಲರನ್ ಅಂತ, ರಿಟೈರ್ಡ್ ಹೆಡ್‌ಮಾಸ್ಟರು, ಬಂದೂಕು ಸಂಗ್ರಹಿಸುವವರ ಸಂಘದಲ್ಲಿ ಅಸಲಿ ನಕಲಿ ನೋಡಿ ತೀರ್ಪು ಕೊಡುವವರು. 'ಆರ್ವೋ ಬನ್ನಿ' ಎಂದಿದ್ದರಂತೆ. ಆರ್ವೋ ಯಾವ ಊರು ಎಂದು ಕೇಳಿದೆ. ಆಫ್ಟರ್‌ನೂನ್ ಅಂಕಲ್, ಇವರು ಹಾಗೇ ಅನ್ನೋದು, ಎಂದು ರಾಜಗೋಪಾಲ ದಾರಿಯುದ್ದಕ್ಕೂ ನಕ್ಕರು.

ಎತ್ತರದ ಮನುಷ್ಯ, ಚಡ್ಡಿ, ಮೊಣಕಾಲಿನವರೆಗೆ ಬಿಳಿ ಕಾಲುಚೀಲ. ಚಹಾ ಕೊಟ್ಟರು. ಗೋಡೆಯಲ್ಲಿದ್ದ ತಮ್ಮದೇ ಒಂದು ಅಸಲಿ ಬಂದೂಕನ್ನು ಇಳಿಸಿ ಮೇಜಿನ ಮೇಲಿಟ್ಟು ಪಾಠ ಹೇಳಿಕೊಟ್ಟರು. ನಾನು ಮತ್ತೆ ಇಂಟರ್‌ಮೀಡಿಯೆಟ್ ಬೆಂಚಿನಲ್ಲಿ ಕೂತ ಹಾಗಾಯಿತು. ಯುದ್ಧಕಾಲದಲ್ಲಿ ಗುರಿ ಚೆನ್ನಾಗಿರುವ ಬಂದೂಕುಗಳನ್ನು ಆರಿಸಿ ಅದಕ್ಕೆಂದೇ ದುರ್ಬೀನು ಕೂಡಿಸುತ್ತಿದ್ದರಂತೆ. ಬಂದೂಕಿನ ನಂಬರನ್ನು ದುರ್ಬೀನು ಹಿಡಿದಿರುವ ಕಬ್ಬಿಣದ ಹಿಡಿಯ ಮೇಲೂ ಹೊಡೆಯುತ್ತಿದ್ದರು, ಒಂದರದು ಇನ್ನೊಂದಕ್ಕೆ ಅದಲುಬದಲು ಆಗದಿರಲಿ ಅಂತ. ಎರಡೂ ನಂಬರು ಒಂದೇ ಇದ್ದರೆ ಅಸಲಿ.

"ಇದರಲ್ಲಿ ಎರಡೂ ಒಂದೇ ಇದೆ," ಅಂದೆ, ಫೋಟೊ ತೋರಿಸಿ. ನನ್ನ ಇಂಗ್ಲಿಷಿನಲ್ಲಿ. ದೇ ಆರ್ ಸೇಮ್ ಟು ಸೇಮ್, ಸರ್.

ಹಾಲರನ್ ಭೂತಗನ್ನಡಿ ಹಿಡಿದು ಕೂತರು. ಎಷ್ಟು ಹೊತ್ತು ಕೂತರೆಂದರೆ ಅವರ ನಾಯಿ ಬಂದು ನನ್ನ ಕಾಲಿನ ಮೇಲೆ ಮಲಗಿ ಗೊರಕೆ ಹೊಡೆಯಿತು. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಗೀರು ನೋಡಿ. ಅಂಕಿಯ ಹತ್ತಿರ ಬಂದಾಗ ಏನಾಗುತ್ತದೆ?"

"ನಿಂತುಹೋಗುತ್ತದೆ."

"ಅಂಕಿಯ ಅಂಚು?"

"ಚೂಪಾಗಿದೆ."

"ಅಂಕಿ ಹೊಡೆದ ಮೇಲೆ ಯಾರಾದರೂ ಉಜ್ಜಿದ್ದರೆ ಅಂಚು ಸವೆಯುತ್ತಿತ್ತು, ಗೀರು ಅಂಚಿನ ಮೇಲೂ ಹಾಯುತ್ತಿತ್ತು. ಇಲ್ಲಿ ಅಂಕಿಯೇ ಗೀರನ್ನು ಕತ್ತರಿಸಿದೆ. ಅಂದರೆ ಮೊದಲು ಗೀರು, ಆಮೇಲೆ ಅಂಕಿ. ಇದು ಲೋಹ ತೇಯುವ ಅರದ ಗೀರು. ಸಾಧಾರಣ ಬಂದೂಕಿನ ಸ್ವಂತ ನಂಬರನ್ನು ಅರ ಹಾಕಿ ತೆಗೆದು, ಎಲ್ಲಿಂದಲೋ ಸಿಕ್ಕಿದ ಅಸಲಿ ದುರ್ಬೀನಿನ ಹಿಡಿಯ ಮೇಲಿದ್ದ ನಂಬರನ್ನು ಇದಕ್ಕೆ ಹೊಡೆದಿದ್ದಾರೆ. ತಲೆ ಒಬ್ಬನದು, ಮುಂಡ ಒಬ್ಬನದು. ಮೇಲೆ ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಕಪ್ಪು ಬಳಿದು ಮುಚ್ಚಿದ್ದಾರೆ."

ನಾನು ಭೂತಗನ್ನಡಿಯನ್ನು ಕೆಳಗಿಡಲಿಲ್ಲ.

"ಆ ಕಪ್ಪನ್ನು ತೆಗೆದವರು ಯಾರು?"

"ಮೈ ವೈಫ್. ವಿತ್ ಟ್ಯಾಮರಿಂಡ್."

"ವಿತ್ ವಾಟ್?"

ರಾಜಗೋಪಾಲ ವಿವರಿಸಿದರು, ಹುಳಿ ಹಣ್ಣು, ನಮ್ಮ ಹಬ್ಬ, ಹೀಗೆ ಹೀಗೆ. ಹಾಲರನ್ ತಲೆದೂಗಿದರು. ಕಾರ್ಖಾನೆಯ ಕಪ್ಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಬಾಟಲಿಯ ಕಪ್ಪು ಮಾತ್ರ ಹುಳಿಗೆ ನಿಲ್ಲುವುದಿಲ್ಲ, ಬಂದೂಕಿನ ಯಜಮಾನ ಈಗ ಮತ್ತೆ ಬಳಿದಿದ್ದರೆ ಅದೂ ನಿಲ್ಲುವುದಿಲ್ಲ ಅಂದರು. "ಆಕೆಯ ಹೆಸರೇನು?"

ಹೇಳಿದೆ. ನಾಗವೇಣಿ. ಮೇ ತಿಂಗಳಿನಿಂದ ಈ ಹೆಸರನ್ನು ಬಾಯಲ್ಲಿ ಆಡಿರಲಿಲ್ಲವೇನೋ. ಹಾಲರನ್ ಅದನ್ನು ಎರಡು ಸಲ ತಪ್ಪಾಗಿ ಹೇಳಿ ಮೂರನೇ ಸಲ ಸರಿಯಾಗಿ ಹೇಳಿದರು. ಹೆಡ್‌ಮಾಸ್ಟರಲ್ಲವೇ.

ಇನ್ನೊಂದನ್ನು ನಾನೇ ಕಂಡೆ, ಅವರು ಹೇಳಿದ್ದಲ್ಲ. ಫೋಟೊದಲ್ಲಿ ಕುಂಕುಮದ ಬೊಟ್ಟು ನಂಬರಿನಿಂದ ಒಂದು ಬೆರಳು ಆಚೆಗಿದೆ. ಗೀರಿದವಳಾಗಿದ್ದರೆ ಕುಂಕುಮವನ್ನು ಗೀರಿನ ಮೇಲೇ ಮೆತ್ತಿ ಮುಚ್ಚುತ್ತಿದ್ದಳು, ಕೈಯಲ್ಲೇ ಬಟ್ಟಲಿತ್ತು. ನಾಗವೇಣಿ ಬಿಟ್ಟು ಇಟ್ಟಿದ್ದಾಳೆ.

18 ಸೆಪ್ಟೆಂಬರ್

ಆ ಗೀರು ಅವಳದಲ್ಲ.

ಅಡಿಲೇಡ್, 30 ಸೆಪ್ಟೆಂಬರ್, ಭಾನುವಾರ

ಹೋಟೆಲಿನಲ್ಲಿ ಇಳಿಯಬೇಕು ಎಂದುಕೊಂಡಿದ್ದೆ. ಮಹಾಬಲೇಶ್ವರರೇ ವಿಮಾನ ನಿಲ್ದಾಣಕ್ಕೆ ಬಂದುಬಿಟ್ಟಿದ್ದರು, ರಾಜಗೋಪಾಲ ಫೋನು ಮಾಡಿ ಹೇಳಿದ್ದಾರೆ, ಅವರ ಬಾಯಿಗೆ ಬೀಗವಿಲ್ಲ. ಪೆಟ್ಟಿಗೆ ಕಿತ್ತುಕೊಂಡು ಕಾರಿಗೆ ಹಾಕಿದರು. "ನಮ್ಮನೆ ಇರುವಾಗ ಹೋಟೆಲ್ಲಾ ಅಂಕಲ್? ಕಸ್ತೂರಿ ಕೇಳಿದ್ರೆ ಏನಂದ್ಕೊಂಡಾಳು?"

ಕೊಲ್ಲಬೇಕೆಂದು ಬಂದವನ ಪೆಟ್ಟಿಗೆಯನ್ನು ಕೊಲ್ಲಿಸಿಕೊಳ್ಳುವವನೇ ಹೊರುವುದು. ಮಾತಿಗೆ ಹೇಳಿದೆ. ಯಾರನ್ನೂ ಕೊಲ್ಲುವುದಿಲ್ಲ ನಾನು, ಮಾನ ಕಳೆಯುತ್ತೇನೆ ಅಷ್ಟೇ. ಆದರೆ ಅವರ ಮನೆಯ ಅನ್ನ ತಿಂದು ಅದನ್ನು ಮಾಡಬೇಕು. ಮೊದಲ ತುತ್ತು ಇಳಿಯಲಿಲ್ಲ. ಎರಡನೆಯದು ಇಳಿಯಿತು. ಅಹಲ್ಯಾಳ ಕೈ ಸಾರು ಚೆನ್ನಾಗಿರುತ್ತದೆ.

ಬಂದೂಕು ನಡುಮನೆಯ ಗೋಡೆಯ ಮೇಲೆ. ಕಪ್ಪಗೆ, ಮೊದಲಿನ ಹಾಗೇ. ಮತ್ತೆ ಬಳಿದಿದ್ದಾರೆ. ಹತ್ತಿರ ಹೋಗಿ ನೋಡಿದೆ, ಗೀರು ಕಾಣುವುದಿಲ್ಲ.

"ಎಷ್ಟು ಚೆನ್ನಾಗಿ ಮಾಡಿಸಿದ್ದೀರಿ," ಅಂದೆ.

"ಹೂಂ," ಅಂದರು, ಪೇಪರಿನಿಂದ ತಲೆ ಎತ್ತದೆ.

ಶನಿವಾರ ಎದ್ದು ನಿಂತಾಗ ಈ 'ಹೂಂ' ನೆನಪಿಟ್ಟುಕೊಳ್ಳಬೇಕು.

ಅಹಲ್ಯಾ ಹಾಲಿನ ಲೋಟ ಕೊಡಲು ಬಂದು ನಿಂತಳು. "ಅಂಕಲ್, ನಾಗವೇಣಮ್ಮ ಹೋದಾಗ ನಾನು ಬರಲಿಲ್ಲ. ಯಾವ ಮುಖ ಇಟ್ಕೊಂಡು ಬರಲಿ? ಎಲ್ಲಾನೂ ತೊಳೆದುಬಿಡಿ ಅಂತ ನಾನೇ ಹೇಳಿದ್ದು ಅವರಿಗೆ."

ಇವಳ ಮೇಲೂ ಸಿಟ್ಟು ಮಾಡಬೇಕಿತ್ತು. "ಹಾಲಿಗೆ ಸಕ್ಕರೆ ಜಾಸ್ತಿಯಾಗಿದೆಯಮ್ಮ," ಅಂದೆ.

3 ಅಕ್ಟೋಬರ್, ಬುಧವಾರ, ಆಯುಧಪೂಜೆ

ಹಿತ್ತಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈ ಒದ್ದೆ, ಶಾಯಿ ಹರಡಿದರೆ ಹರಡಲಿ.

ಶನಿವಾರದವರೆಗೆ ತಡೆಯಲಾಗಲಿಲ್ಲ. ಮಹಾಬಲೇಶ್ವರ ಇವತ್ತು ಬೇಗ ಬಂದರು, ಪೂಜೆ ಸಂಜೆಗೆ, ಜನ ಆಸ್ಪತ್ರೆ ಮುಗಿಸಿ ಬರಬೇಕಲ್ಲ. ಕಾಫಿ ಕುಡಿಯುತ್ತಿದ್ದವರ ಮುಂದೆ ಫೋಟೊ ಇಟ್ಟೆ. ಪಕ್ಕದಲ್ಲಿ ನಾನು ಕೊಂಡುತಂದ ಭೂತಗನ್ನಡಿ. ಅಂಕಿ ಗೀರನ್ನು ಕತ್ತರಿಸಿದೆ, ಗೀರು ಮೊದಲು, ಅಂಕಿ ಆಮೇಲೆ, ಎಂದು ಶುರು ಮಾಡಿದೆ. ಅವರು ಭೂತಗನ್ನಡಿ ಮುಟ್ಟಲೇ ಇಲ್ಲ.

"ಗೊತ್ತು ಅಂಕಲ್."

"ಏನು ಗೊತ್ತು?"

"ನಕಲಿ ಅಂತ."

"ಯಾವಾಗಿಂದ?"

ಲೋಟ ತಿರುಗಿಸುತ್ತ ಕೂತರು. "ಆವತ್ತಿಂದ. ಆಂಟಿ ತೊಳೆದು ತಂದಿಟ್ರಲ್ಲ, ಆಗಲೇ ಕಾಣಿಸ್ತು. ಸರ್ಜನ್ ಕಣ್ಣು, ಹೊಲಿಗೆ ಎಲ್ಲಿದ್ರೂ ಕಾಣುತ್ತೆ. ವರ್ಷಗಟ್ಟಲೆ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ರಾಜಗೋಪಾಲ ಕ್ಯಾಮೆರಾ ಹಿಡ್ಕೊಂಡು ಹತ್ರ ಬರ್ತಿದ್ದ, ನಾಗೇಂದ್ರ ಪಕ್ಕದಲ್ಲೇ ಇದ್ದ. ಏನಾದ್ರೂ ಕೂಗಿದ್ರೆ ಎಲ್ಲರೂ ಬಂದೂಕು ಬಿಟ್ಟು ಆಂಟಿ ಕಡೆ ನೋಡ್ತಾರೆ ಅನ್ನಿಸ್ತು. ನೋಡಿದ್ರು."

ನನ್ನ ಇಂಗ್ಲಿಷ್ ವಾಕ್ಯಗಳು, ಕನ್ನಡಿಯ ಮುಂದೆ ಅಷ್ಟು ಸಲ ಹೇಳಿ ನೋಡಿದ್ದು, ಒಂದೂ ಬಾಯಿಗೆ ಬರಲಿಲ್ಲ.

"ಶನಿವಾರ ಒಂದು ಆಗಿಹೋಗಲಿ ಅಂಕಲ್. ಫಲಕ ಆಗಿದೆ, ಜನಕ್ಕೆ ಹೇಳಿಯಾಗಿದೆ. ಆಮೇಲೆ ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನ ಕಾಲು ತಗೊಂಡು ಏನು ಮಾಡ್ತೀರಿ? ಬೀಳಬೇಕಾದ ಕಾಲು ಇಲ್ಲಿಲ್ಲ."

ಅಷ್ಟೇ ನಾನು ಅಂದದ್ದು. ಇನ್ನೂ ಅನ್ನಬಹುದಿತ್ತು.

ಅಹಲ್ಯಾ ಅಡುಗೆಮನೆಯ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ಕೈಯಲ್ಲಿ ದೀಪದ ಕಂಬಕ್ಕೆಂದು ನೆನೆಸಿದ ಹುಣಸೆಹಣ್ಣಿನ ಬಟ್ಟಲು. ಬಟ್ಟಲನ್ನು ಮೇಜಿನ ಮೇಲಿಟ್ಟಳು, ನಡುಮನೆಗೆ ಹೋದಳು, ಸ್ಟೂಲು ಹತ್ತಿ ಬಂದೂಕು ಇಳಿಸಿದಳು. ಮಗುವನ್ನು ಎತ್ತಿಕೊಂಡ ಹಾಗೆ ತೋಳಿನಲ್ಲಿಟ್ಟುಕೊಂಡು ತಂದಳು. "ಅಂಕಲ್, ಇದನ್ನೂ ತೊಳೀಬೇಕಲ್ಲ."

"ಅಹಲ್ಯಾ," ಅಂದರು ಮಹಾಬಲೇಶ್ವರ. ಅವಳು ಅವರ ಕಡೆ ನೋಡಲಿಲ್ಲ. ಅವರು ಎದ್ದು ಒಳಕೋಣೆಗೆ ಹೋದರು. ತಡೆಯಲಿಲ್ಲ.

ಪೆಟ್ಟಿಗೆಯಿಂದ ಬಿಸ್ಕತ್ತಿನ ಡಬ್ಬಿ ತಂದೆ. ಜುಟ್ಟು ತೆಗೆದೆ. ನೀನು ಒಣಗಿಸಿಟ್ಟದ್ದು, ಇನ್ನೂ ಕಾಯಿಯ ವಾಸನೆ ಇದೆ ನೋಡು. ಒತ್ತಬೇಡಿ, ಹುಳಿಗೆ ಅದರ ಕೆಲಸ ಮಾಡಲು ಬಿಡಿ, ಅನ್ನುತ್ತಿದ್ದೆಯಲ್ಲ, ತಂಬಿಗೆ ಉಜ್ಜಲು ನಾನು ಕೈ ಹಾಕಿದಾಗಲೆಲ್ಲ. ಆಗ ಕೇಳಿಸಿಕೊಳ್ಳದೆ ಒತ್ತುತ್ತಿದ್ದೆ. ಇವತ್ತು ಒತ್ತಲಿಲ್ಲ. ಹಚ್ಚಿ ಬಿಟ್ಟು ಕೂತೆ. ಕಪ್ಪು ಮೊದಲು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಗಂಜಿಯ ಹಾಗೆ ಹರಿದು ಮೋರಿಗೆ ಹೋಯಿತು. ಹೆಡ್‌ಮಾಸ್ಟರು ಹೇಳಿದ ಹಾಗೇ. ಬೆರಳ ತುದಿಯೆಲ್ಲ ಸುಕ್ಕಾಗಿದೆ, ಉಗುರಿನ ಸಂದು ಉರಿಯುತ್ತಿದೆ. ನಿನಗೂ ಹೀಗೇ ಉರಿಯುತ್ತಿತ್ತೇನು? ಒಂದು ದಿನವೂ ಹೇಳಲಿಲ್ಲವಲ್ಲ.

ಈಗ ಹಳೇ ಟವಲಿನ ಮೇಲೆ ತೊಡೆಗೆ ಅಡ್ಡಲಾಗಿ ಮಲಗಿದೆ, ಬೆಳ್ಳಗೆ. ಗೀರು ಇದೆ. ಫೋಟೊದಲ್ಲಿದ್ದದ್ದಕ್ಕಿಂತ ನಿಚ್ಚಳವಾಗಿದೆ.

ಮುಂದುಗಡೆ ಕಾರುಗಳು ಬರುತ್ತಿವೆ. ನಾಗೇಂದ್ರನ ನಗೆ ಕೇಳಿಸಿತು, ಆ ನಗೆ ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. "ಎಲ್ಲಿ ಸಾರ್ ನಿಮ್ಮ ರೈಫಲ್ಲು? ಗೋಡೆ ಖಾಲಿ?" ಮಹಾಬಲೇಶ್ವರ ಏನೋ ಅಂದರು, ಕೇಳಿಸಲಿಲ್ಲ. ಹಿತ್ತಲಿಗೆ ಯಾರೂ ಬರಲಿಲ್ಲ. ಅಹಲ್ಯಾ ಗಂಟೆ, ಆರತಿ ತಟ್ಟೆ ಹೊಂದಿಸುತ್ತಿದ್ದಾಳೆ. ಇದನ್ನು ನಾನೇ ಒಳಗೆ ಒಯ್ದು ದೇವರ ಮುಂದೆ ಒರಗಿಸಬೇಕು, ನೀನು ಒರಗಿಸಿದ ಹಾಗೆ. ಗೀರು ಜನರ ಕಡೆಗಿರಬೇಕು. ಆರತಿ ತೆಗೆದುಕೊಳ್ಳಲು ಒಬ್ಬೊಬ್ಬರೇ ಬಗ್ಗುತ್ತಾರೆ. ನಾಗೇಂದ್ರ ಕೇಳದೆ ಇರುವುದಿಲ್ಲ, ಮತ್ತೆ ಇಡ್ಲಿ ಪಾತ್ರೆ ಮಾಡಿದವರು ಯಾರು ಅಂತ. ಕೇಳಲಿ. ಪಂಚಾಕ್ಷರಿ ತೊಳೆದದ್ದು ಅನ್ನುತ್ತೇನೆ. ಗೀರು ಯಾರದು ಎನ್ನುವುದನ್ನು ಮಾತ್ರ ಮನೆಯ ಯಜಮಾನರು ಹೇಳಬೇಕು. ಅವರು ಬಾಯಿ ಬಿಡುವವರೆಗೆ ನಾನು ದೇವರ ಮುಂದಿನಿಂದ ಏಳುವುದಿಲ್ಲ. ಊಟ ಆರಿದರೆ ಆರಲಿ.

ಕುಂಕುಮದ ಬಟ್ಟಲು ಪಕ್ಕದಲ್ಲಿದೆ. ಗೀರಿನ ಮೇಲೇ ದೊಡ್ಡದಾಗಿ ಬೊಟ್ಟಿಡಬೇಕು, ಎಲ್ಲರ ಕಣ್ಣೂ ಅಲ್ಲೇ ಬೀಳಲಿ ಎಂದುಕೊಂಡಿದ್ದೆ. ಬೇಡ. ನೀನು ಇಟ್ಟ ಜಾಗದಲ್ಲೇ ಇಡುತ್ತೇನೆ, ಒಂದು ಬೆರಳು ಆಚೆ, ಏನನ್ನೂ ಮುಚ್ಚದ ಹಾಗೆ.

ಅಕ್ಷರ ಮಸುಕಾಗುತ್ತಿದೆ. ಕಣ್ಣೇನೋ ಎಂದು ಒರೆಸಿಕೊಂಡೆ. ಕಣ್ಣಲ್ಲ, ಬೆಳಕೇ ಹೋಗುತ್ತಿದೆ. ನಂಬರು ಓದಲಾಗುತ್ತಿಲ್ಲ. ಗೀರು ಬೆರಳಿಗೆ ಸಿಗುತ್ತಿದೆ.